ಸುತ್ತಿಗೆಯ ಜೊತೆ ಕಲಿತ ಮಾತು

ಬೆಳಿಗ್ಗೆ ಮಗಳು ಹೊಸ ಹುಣಸೆಹಣ್ಣನ್ನು ಬಿಸಿಲಿಗೆ ಹರವಿದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಅತ್ತೆ ಕಣ್ಮುಂದೆ ಬಂದು ಕುಳಿತರು. ನಿನ್ನೆ ಮೊಮ್ಮಗಳು ಹಡಗಲಿಯ ಶಾಲೆಯಲ್ಲಿ ಮೈಕಿನ ಮುಂದೆ ನಿಂತು ಮಾತನಾಡಿದಳು. ಅವಳು ಮುಗಿಸುವವರೆಗೆ ನಾನು ಉಸಿರು ಹಿಡಿದು ಕೂತಿದ್ದೆ. ಆಮೇಲಿನ ಸಂತೋಷ ಇನ್ನೂ ಎದೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಮೂರನೇ ತರಗತಿ, ತಪ್ಪಿದ್ದರೆ ತಿದ್ದಿಕೊಳ್ಳಿ.

ಅತ್ತೆ ಎಂದರೆ ಸ್ವಂತ ಅತ್ತೆಯಲ್ಲ. ಅವರ ಅಂಗಳದಲ್ಲಿ ನಾವು ಆರೇಳು ಹೆಂಗಸರು ಸಣ್ಣ ಸುತ್ತಿಗೆಯಿಂದ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆವು. ಮಗಳು ಏಳನೇ ತರಗತಿ ಮುಗಿಸಿದ ವರ್ಷವದು. ಮುಂದಿನ ಶಾಲೆ ಕೊಟ್ಟೂರಿನಲ್ಲಿ. ಬಸ್ಸು ನಮ್ಮೂರ ಕ್ರಾಸಿನಲ್ಲಿ ನಿಲ್ಲುತ್ತಿರಲಿಲ್ಲ. ಬಸ್ಸು ನಿಲ್ಲದಿದ್ದರೆ ಶಾಲೆ ಬಿಡಿಸುತ್ತೇನೆಂದು ನಮ್ಮ ಯಜಮಾನರು ಹೇಳಿಬಿಟ್ಟಿದ್ದರು. ಗ್ರಾಮಸಭೆಗೆ ಬಸ್ಸಿನ ಸಾಹೇಬರು ಬರುತ್ತಾರೆಂದು ಗೊತ್ತಾದಾಗ ಅತ್ತೆ ನನ್ನ ಕಡೆ ತಿರುಗಿದರು.

"ನೀನೇ ಎದ್ದು ಕೇಳ್ಬೇಕು."

"ಅಲ್ಲಿ ನಮ್ಮ ಮಾವ, ಭಾವ ಎಲ್ಲಾ ಕುಂತಿರ್ತಾರ್ರಿ ಅತ್ತಿ. ನೀವೇ ಕೇಳ್ರಿ."

"ನಾ ಕೇಳಿದ್ರ, ಮುದುಕಿಗಿ ಸಂತಿಗಿ ಹೋಗಾಕ ಬಸ್ ಬೇಕಾಗೈತಿ ಅಂತಾರ. ಮಗಳು ನಿನ್ನಾಕಿ ಅಲ್ಲೇನ ಲೇ?"

ಎಂಟು ದಿನ, ಸುತ್ತಿಗೆಯ ಪೆಟ್ಟಿಗೊಂದು ಮಾತು ಸೇರಿಸಿ ಕಲಿಸಿದರು. ಟಕ್... ನಮ್ಮೂರಾಗ. ಟಕ್... ಹನ್ನೊಂದು ಹುಡುಗೇರು ಅದಾರ. ಎಲ್ಲ ಬಾಯಿಪಾಠವಾಯಿತು.

ಸಭೆಯಲ್ಲಿ ಎದ್ದು ನಿಂತೆ. ಸೆರಗು ಎಳೆದುಕೊಂಡೆ. ಮಾವನವರು ಕೆಮ್ಮಿದರು... ಅಷ್ಟೇ, ಒಂದು ಮಾತೂ ನೆನಪಿಲ್ಲ. ಕೈಯಲ್ಲಿ ಸುತ್ತಿಗೆ ಇರಲಿಲ್ಲ. ಪೆಟ್ಟಿನ ಜೊತೆ ಕಲಿತ ಮಾತು ಖಾಲಿ ಕೈಗೆ ಹೇಗೆ ಬರಬೇಕು? ಇದನ್ನು ಅತ್ತೆಯೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಹಿಂದಿನಿಂದ ಯಾರೋ, "ಕುಂದ್ರವ್ವಾ, ಬಸ್ ಹೋತು" ಎಂದರು. ಎಲ್ಲರೂ ನಕ್ಕರು.

ಆಗ ಕೇಳಿಸಿತು, ಟಕ್. ಅತ್ತೆ ತಮ್ಮ ಬೆಳ್ಳಿ ಕಡಗದಿಂದ ಕಲ್ಲುಕಂಬಕ್ಕೆ ಕುಟ್ಟಿದ್ದರು. ಮುಖ ಮಾತ್ರ ಏನೂ ಅರಿಯದವರಂತೆ ಆಚೆ. ಮತ್ತೆ ಟಕ್. "ನಮ್ಮೂರಾಗ" ಎಂದೆ. ಕೊನೆಯ ಮಾತಿನವರೆಗೂ ಹೇಳಿದೆ. ನಡುವೆ ಎಲ್ಲಿ ಆ ಸದ್ದು ನಿಂತಿತೋ, ನನಗೆ ಗೊತ್ತೇ ಆಗಲಿಲ್ಲ...

ಮುಂದಿನ ತಿಂಗಳಿಂದ ಬಸ್ಸು ನಮ್ಮ ಕ್ರಾಸಿನಲ್ಲಿ ನಿಲ್ಲತೊಡಗಿತು. ಮಗಳು ಓದಿದಳು, ಈಗ ನರ್ಸ್ ಆಗಿದ್ದಾಳೆ.

ನಿನ್ನೆ ವೇದಿಕೆ ಇಳಿದು ಬಂದ ಮೊಮ್ಮಗಳ ಅಂಗೈ ಬೆವೆತು ಒದ್ದೆಯಾಗಿತ್ತು. ಅದನ್ನು ಹಿಡಿದುಕೊಂಡೇ ಇದೆಲ್ಲ ಹೇಳಿದೆ.

"ಆಮ್ಯಾಲೆ ಆ ಅತ್ತಿಗಿ ನೀ ಏನಂದಿ, ಅಜ್ಜಿ?" ಎಂದಳು.

ಏನೂ ಅಂದಿರಲಿಲ್ಲ. ಮರುದಿನ ಎಂದಿನಂತೆ ಹೋಗಿ ಹಣ್ಣು ಕುಟ್ಟಲು ಕುಳಿತೆ. ಇಡೀ ಊರಿನ ಮುಂದೆ ಮಾತನಾಡಿದವಳಿಗೆ ಅವರೊಬ್ಬರ ಮುಂದೆ 'ನಿಮ್ಮಿಂದ ಆತ್ರಿ ಅತ್ತಿ' ಎಂಬ ಒಂದು ಮಾತು ಆಡಲು ನಾಚಿಕೆ. ನಾಳೆ ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ... ಅವರು ತೀರಿಕೊಂಡು ಹತ್ತು ವರ್ಷವಾಯಿತು.