ಮಂಗಳವಾರ ಕುರ್ಚಿ ನೋಡೋಕೆ ಬಂದವರು

ಭದ್ರಾವತಿ ಓಲ್ಡ್ ಟೌನಿನ ನನ್ನ ಕ್ಷೌರದಂಗಡಿಯಲ್ಲಿ ಅಪ್ಪನ ಕಾಲದ ಕಬ್ಬಿಣದ ಕುರ್ಚಿಯೊಂದಿದೆ. ಒಳ್ಳೆ ಬೆಲೆ ಬಂದರೆ ಕೊಟ್ಟುಬಿಡೋಣ ಅಂತ ಅರೆಮನಸ್ಸಿನಲ್ಲಿದ್ದೆ. ನಮಗೆ ರಜೆಯಿರುವ ಮಂಗಳವಾರವೇ ಶಿವಮೊಗ್ಗದ ಗಾಂಧಿ ಬಜಾರಿನಿಂದ ಹಳೇ ಸಾಮಾನಿನ ವ್ಯಾಪಾರಿ ಬಂದರು. ಕುರ್ಚಿಯನ್ನು ತಟ್ಟಿದರು, ತಿರುಗಿಸಿದರು, ಕೊನೆಗೆ ಕೂತು ಹಿಂದಕ್ಕೊರಗಿದರು.

ಅದರಲ್ಲಿ ಯಾರೇ ಕೂತರೂ ನನ್ನ ಕೈ ಸುಮ್ಮನಿರಲ್ಲ. ಕುತ್ತಿಗೆಗೆ ಬಟ್ಟೆ ಕಟ್ಟಿ ನೊರೆ ಹಚ್ಚಿಬಿಟ್ಟೆ. ಒಂದು ಕೆನ್ನೆ ಮುಗಿದ ಮೇಲೆ ಮಂಗಳವಾರ ಅಂತ ನೆನಪಾಯಿತು. ಅರ್ಧಕ್ಕೆ ಬಿಡೋದು ಹೇಗೆ? ಅವರಾಗಲೇ ಗೊರಕೆ ಹೊಡೀತಿದ್ದರು.

ಎದ್ದವರು ಕೆನ್ನೆ ಸವರಿಕೊಂಡು, "ಇದನ್ನ ಕೊಂಡರೆ ಇನ್ನೊಬ್ಬರಿಗೆ ಮಾರಲೇಬೇಕಲ್ಲ ಮಾರಾಯ! ಇಲ್ಲೇ ಇರಲಿ, ನಾನೇ ಬರ್ತೀನಿ" ಅಂದರು. ನನ್ನ ಎದೆ ಹಗುರಾಯಿತು.

ಕುರ್ಚಿ ಉಳೀತು. ಅವರಿಗೂ ಬಿಡುವು ಮಂಗಳವಾರ ಮಾತ್ರವಂತೆ. ಹೋಗಿದ್ದು ನನ್ನ ರಜೆ.