ಏನು ಬಿಡತಿ, ಏನು ಹಿಡೀತಿ

ಜೀಪಿನ ಸದ್ದು ಕೇಳಿದರೆ ಇಂದಿಗೂ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲು ನೋಡುತ್ತೇನೆ. ಮೊಮ್ಮಕ್ಕಳು ನಗುತ್ತಾರೆ. ಆಯಿ ಯಾವುದೋ ಕಾಲದಲ್ಲಿ ಕಳವು ಮಾಡಿರಬೇಕು ಎಂದು ಚೇಷ್ಟೆ ಮಾಡುತ್ತಾರೆ. ಕಳವು ಮಾಡಿದವಳು ನಾನಲ್ಲ. ಹದಿಮೂರರ ನನ್ನನ್ನು ಕದ್ದುಮುಚ್ಚಿ ಮದುವೆ ಮಾಡಲು ಹೊರಟವರು ನನ್ನ ಹೆತ್ತವರು. ಆ ಬೇಸಿಗೆಯಲ್ಲಿ ನಾನು ಒಂದು ಸರ್ಕಾರಿ ಜೀಪು ಬರಲಿ ಎಂದೂ ಬೇಡಿಕೊಂಡೆ, ಬಾರದೇ ಇರಲಿ ಎಂದೂ ಬೇಡಿಕೊಂಡೆ.

ಅಪ್ಪನದು ಬೀದರಿನ ಧಾನ್ಯಪೇಟೆಯಾದ ಗಂಜಿನಲ್ಲಿ ಅಡತಿ ಅಂಗಡಿ. ಅದಕ್ಕೆ ಆಗಲೇ ಗಾಂಧಿ ಗಂಜ ಎಂಬ ಹೆಸರು ಬಂದಿತ್ತೋ ಇಲ್ಲವೋ, ನಮ್ಮ ಬಾಯಲ್ಲಿ ಅದು ಬರೀ ಗಂಜ. ರೈತರು ತಂದ ತೊಗರಿ, ಕಡಲೆಯನ್ನು ಮಾರಿಸಿಕೊಡುವುದು ಅಪ್ಪನ ಕೆಲಸ. ನಲವತ್ತೆಂಟರಲ್ಲಿ, ಪೊಲೀಸ್ ಆಕ್ಷನ್‌ಗೆ ಮುಂಚಿನ ಆ ಲೂಟಿ, ಬಂದೂಕಿನ ಕೆಟ್ಟ ದಿನಗಳಲ್ಲಿ ಬೀದರಿನಲ್ಲಿ ಇರುವುದು ಬೇಡವೆಂದು ಅಪ್ಪ ನಮ್ಮನ್ನೆಲ್ಲ ಔರಾದ ಕಡೆಯ ಎಕಂಬಾ ಎಂಬ ಹಳ್ಳಿಗೆ ಕರೆದೊಯ್ದ. ಅಲ್ಲಿಯ ಒಂದು ರೈತ ಮನೆಯವರು ವರ್ಷವರ್ಷವೂ ಅಪ್ಪನ ಅಂಗಡಿಗೇ ಮಾಲು ಹಾಕುತ್ತಿದ್ದರು. ಅವರು ನಮಗೆ ಒಂದು ಕೋಣೆ ಬಿಟ್ಟುಕೊಟ್ಟರು, ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟರು, ಯಾರು ಬಂದು ಕೇಳಿದರೂ ನೆಂಟರು ಎಂದು ಹೇಳಿದರು. ಭಾರತದ ದಂಡು ಬಂದು ಎಲ್ಲ ತಣ್ಣಗಾಗುವವರೆಗೂ ನಾವು ಅಲ್ಲಿದ್ದೆವು. ಅವರು ಒಳ್ಳೆಯವರು. ಅದೇ ನನ್ನ ಪೀಕಲಾಟಕ್ಕೆ ಕಾರಣವಾಯಿತು.

ಆ ಮನೆಯಲ್ಲಿ ಒಬ್ಬ ವಯಸ್ಸಾದ ತಾಯಿ, ಹೆಂಡತಿ ತೀರಿಕೊಂಡಿದ್ದ ಮಗ, ಹದಿನಾಲ್ಕು ದಾಟಿದ ಮಗಳು ಇದ್ದರು. ಋಣ ತೀರಿಸಬೇಕಲ್ಲ, ಅಪ್ಪ ಅಲ್ಲಿಯೇ ಮಾತು ಕೊಟ್ಟುಬಿಟ್ಟ: ಅವರ ಹುಡುಗಿ ನನ್ನ ಅಣ್ಣನಿಗೆ, ನಾನು ಅವರ ಮಗನಿಗೆ. ನಮ್ಮ ಕಡೆ ಇದಕ್ಕೆ ಸಾಟಿ ಲಗ್ನ ಅನ್ನುತ್ತಾರೆ. ಒಂದು ಹೆಣ್ಣು ಕೊಟ್ಟು ಒಂದು ಹೆಣ್ಣು ತರುವುದು. ಒಂದು ಮುರಿದರೆ ಇನ್ನೊಂದೂ ಮುರಿದಂತೆ. ಬಾಯಿಗೆ ಸಕ್ಕರೆ ಹಾಕಿಕೊಂಡು ಹಿರಿಯರೆಲ್ಲ ನಕ್ಕರು. ನನ್ನ ಬಾಯಿಗೂ ಸಕ್ಕರೆ ಬಿತ್ತು. ಯಾಕೆಂದು ತಿಳಿಯದೆ ನಾನು ಇನ್ನೊಂದು ಚಿಟಿಕೆ ಕೇಳಿದೆ.

ನನ್ನನ್ನು ಕೊಡಬೇಕೆಂದಿದ್ದ ಆ ಮನುಷ್ಯ ಕೆಟ್ಟವನೇನಲ್ಲ. ಎತ್ತುಗಳ ಮೈ ತೊಳೆಯುವಾಗ ಹಾಡುತ್ತಿದ್ದ, ನನಗೆ ಹೊಲದಿಂದ ಹಸಿ ಕಡಲೆಯ ಸುಲಗಾಯಿ ತಂದು ಕೊಡುತ್ತಿದ್ದ. ನನ್ನನ್ನು "ಏ ಸಣ್ಣಾಕಿ" ಎಂದು ಕರೆಯುತ್ತಿದ್ದ. ಸಣ್ಣವಳು ಎಂದು ಕರೆಯುವ ಬಾಯಿಂದಲೇ ನಾಳೆ ಹೆಂಡತಿ ಎಂದು ಕರೆಸಿಕೊಳ್ಳಬೇಕೆಂದು ಅವ್ವ ಹೇಳಿದ ದಿನ ನಾನು ಅವನು ತಂದ ಸುಲಗಾಯಿಯನ್ನು ಎತ್ತುಗಳ ಮುಂದೆ ಹಾಕಿಬಿಟ್ಟೆ.

ಬೀದರಿಗೆ ಮರಳಿದ ಮೇಲೆ ನಾನು ಮತ್ತೆ ಮಿಷನ್ ಸಾಲೆಗೆ ಹೋದೆ. ನಾವು ಬಾಯಿಯವರು ಎಂದು ಕರೆಯುತ್ತಿದ್ದ ನಮ್ಮ ಕ್ರಿಶ್ಚಿಯನ್ ಟೀಚರಿಗೆ ಪಾಠಕ್ಕಿಂತ ಪೇಪರಿನ ಸುದ್ದಿ ಹೇಳುವುದರಲ್ಲೇ ಹೆಚ್ಚು ಹುರುಪು. ಒಂದು ದಿನ ಅವರು ಅಂದರು:

"ದಿಲ್ಲಿಯೊಳಗ ದೊಡ್ಡ ಸಭಾ ನಡದದ. ಹೆಣ್ಣಮಕ್ಕಳಿಗಿ ಜುಲ್ಮಿ ಮಾಡಿ ಲಗ್ನ ಮಾಡಬಾರದಂತ ಮಾತಾಡ್ಲಿಕತ್ತಾರ. ಕಾಯಿದೇನೂ ಅದ, ಹದಿನೈದು ತುಂಬದ ಹುಡುಗಿ ಲಗ್ನ ಮಾಡಿದ್ರ, ಮಾಡಿದವರಿಗಿ ಜೇಲ್ ಆಗ್ತದ. ತಿಳೀತೇನು?"

ಜುಲ್ಮಿ ಎಂಬ ಮಾತು ಅದುವರೆಗೆ ನನಗೆ ಬೇರೆಯವರ ಬಂದೂಕಿನ ಜೊತೆ ಮಾತ್ರ ಗೊತ್ತಿತ್ತು. ಸಕ್ಕರೆ ತಿನ್ನಿಸಿ ಮಾಡುವ ಜುಲ್ಮಿಯೂ ಇರುತ್ತದೆಂದು ಅಂದು ತಿಳಿಯಿತು. ಹೇಳಿಬಿಡಬೇಕು ಎಂದುಕೊಂಡೆ. ಬಾಯಿಯವರು ನನ್ನ ಬೆಂಚಿನ ಹತ್ತಿರ ಬಂದಾಗ ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಜೇಲ್ ನೆನಪಾಯಿತು. ಅಪ್ಪ ಲಿಂಗಪೂಜೆ ಮಾಡದೆ ಒಂದು ಗುಟುಕು ಚಹಾ ಸಹ ಕುಡಿಯುವವನಲ್ಲ. ಜೇಲಿನಲ್ಲಿ ಅವನಿಗೆ ಪೂಜೆಯ ನೀರು ಯಾರು ಕೊಡುತ್ತಾರೆ? ಕೊಡದಿದ್ದರೆ ಉಪವಾಸವೇ ಸಾಯುತ್ತಾನೆ. ಕಾಯಿದೆ ಬಂದರೆ ಅಪ್ಪ ಹೋಗುತ್ತಾನೆ, ಬಾರದಿದ್ದರೆ ನಾನು ಹೋಗುತ್ತೇನೆ. ಬಾಯಿಯವರು ಮುಂದಿನ ಬೆಂಚಿಗೆ ಹೋದರು. ನಾನು ಪಾಟಿ ಒರೆಸುತ್ತ ಕುಳಿತೆ.

ಆ ಕಾಯಿದೆ ನಮ್ಮ ಹೈದರಾಬಾದ್ ರಾಜ್ಯಕ್ಕೆ ಬಂದಿತ್ತೋ ಇಲ್ಲವೋ ಗಂಜಿನಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಒಬ್ಬರು ಅದು ಮುಂಬೈ ಕಡೆಯವರಿಗೆ ಮಾತ್ರ ಅಂದರೆ, ಇನ್ನೊಬ್ಬರು ಭಾಲ್ಕಿಯಲ್ಲಿ ಪೊಲೀಸ್ ಅಮೀನರು ಜೀಪು ತಂದು ಮದುವೆ ಹಂದರದಲ್ಲಿದ್ದವರನ್ನೆಲ್ಲ ಠಾಣೆಯಲ್ಲಿ ಕೂರಿಸಿದರಂತೆ ಅನ್ನುತ್ತಿದ್ದರು. ಖರೆಯೋ ಸುಳ್ಳೋ, ಅಪ್ಪ ಮಾತ್ರ ಆ ಫಿಕರನ್ನು ದಿನಾ ಸಂಜೆ ಮನೆಗೆ ತರುತ್ತಿದ್ದ. ಹೊರಗೆ ಯಾವುದೇ ಗಾಡಿ ನಿಂತರೂ ತುತ್ತು ಕೈಯಲ್ಲೇ ಹಿಡಿದು ಬಾಗಿಲು ನೋಡುತ್ತಿದ್ದ. ಅವನ ಜೊತೆ ನಾನೂ ನೋಡುತ್ತಿದ್ದೆ. ಇಬ್ಬರೂ ಒಂದೇ ಬಾಗಿಲಿಗೆ ಹೆದರುತ್ತಿದ್ದೆವು.

ಮಾತು ಕೊಟ್ಟು ಎರಡು ವರ್ಷವಾಗುತ್ತ ಬಂದಾಗ ಹಿರಿಯರು ಒಂದು ಹಂಚಿಕೆ ಹಾಕಿದರು. ಮದುವೆ ಎಕಂಬಾದಲ್ಲಿ, ಹಂದರವಿಲ್ಲ, ವಾಲಗವಿಲ್ಲ, ಯಾರನ್ನೂ ಕರೆಯುವುದಿಲ್ಲ. ಕೇಳಿದವರಿಗೆ, ಇಬ್ಬರು ಹುಡುಗಿಯರಿಗೆ ಲಿಂಗದೀಕ್ಷೆ ಕೊಡಿಸುತ್ತಿದ್ದೇವೆ ಎಂದು ಹೇಳುವುದು. ದೀಕ್ಷೆಗೆ ಯಾವ ಸರ್ಕಾರದ ಅಡ್ಡಿ? ಕೊಡುವವರೂ ನಮ್ಮ ಮಠದ ಸ್ವಾಮಿಗಳೇ. ಅವರನ್ನು ನಾವೆಲ್ಲ ಅಜ್ಜೋರು ಎನ್ನುತ್ತಿದ್ದೆವು. ಅಜ್ಜೋರು ಪ್ರಸಾದ ಮುಗಿಸಿ ಹೊರಟ ಮೇಲೆ ಪಕ್ಕದ ಊರಿನ ಪುರೋಹಿತ ಅಯ್ಯನವರು ಬಂದು ಅಕ್ಕಿಕಾಳು ಹಾಕಿಸಿ ಮದುವೆ ಮುಗಿಸುವುದೆಂದು ಗೊತ್ತುಮಾಡಿದರು. ಅಜ್ಜೋರಿಗೆ ಮದುವೆಯ ಸುಳಿವೂ ಹತ್ತಬಾರದು. ಸಣ್ಣ ಹುಡುಗಿಯರ ಲಗ್ನಕ್ಕೆ ನಾವು ಕಾಲಿಡುವುದಿಲ್ಲ ಎಂದು ಅವರು ಮಠದಲ್ಲಿ ಎಲ್ಲರೆದುರು ಹೇಳಿದ್ದರು.

ಹಾಗಾದರೆ ಅವರನ್ನು ಕರೆಯಬೇಕಾದರೂ ಏಕೆ? ಏಕೆಂದರೆ ಆ ಮಠದ ದೀಕ್ಷೆಯಾಗದ ಸೊಸೆ ತನ್ನ ಒಲೆ ಮುಟ್ಟಕೂಡದೆಂದು ಗಂಡಿನ ತಾಯಿ ಪಟ್ಟು ಹಿಡಿದಿದ್ದಳು. ಸರ್ಕಾರದ ಕಣ್ಣಿಗೆ ಮಣ್ಣೆರಚಲು ಸಿದ್ಧ, ಒಲೆಯ ಶಾಸ್ತ್ರ ಬಿಡಲು ಸಿದ್ಧವಿಲ್ಲ. ಯಾರ ಕಣ್ಣು ತಪ್ಪಿಸಬೇಕೋ ಅವರನ್ನೇ ಕರೆದು ಎದುರಿಗೆ ಕೂರಿಸಿಕೊಳ್ಳುವ ತಪ್ಪನ್ನು ನಮ್ಮವರಲ್ಲದೆ ಇನ್ಯಾರೂ ಮಾಡಲಾರರು.

ನಮ್ಮ ಮಠದ ದೀಕ್ಷೆಯಲ್ಲಿ ಒಂದು ರೂಢಿ ಇತ್ತು. ಅಂಗೈಯಲ್ಲಿ ಲಿಂಗವಿಟ್ಟು, ಕಿವಿಯಲ್ಲಿ ಮಂತ್ರ ಹೇಳಿದ ಮೇಲೆ ಅಜ್ಜೋರು, "ಏನು ಬಿಡತಿ, ಏನು ಹಿಡೀತಿ?" ಎಂದು ಕೇಳುವರು. ಲಿಂಗ ಹಿಡಿದುಕೊಂಡು ಆಡಿದ ಮಾತನ್ನು ಹಿರಿಯರೂ ದಾಟುವಂತಿಲ್ಲ. ಮಕ್ಕಳಿಗೆ ಉತ್ತರ ಮೊದಲೇ ಬಾಯಿಪಾಠ ಮಾಡಿಸಿರುತ್ತಾರೆ. ಎಕಂಬಾಕ್ಕೆ ಹೋಗುವಾಗ ಗಾಡಿಯಲ್ಲಿ ಅವ್ವ ನನ್ನಿಂದ ಮತ್ತೆ ಮತ್ತೆ ಹೇಳಿಸಿದಳು: "ಸುಳ್ಳ ಬಿಡ್ತೇನಿ, ಪೂಜಿ ಹಿಡೀತೇನಿ." ಹೇಳಿಸುತ್ತ ಹೇಳಿಸುತ್ತ ಅವಳೇ ಕಣ್ಣೊರೆಸಿಕೊಂಡಳು. ಧೂಳು ಬಿತ್ತೆಂದು ಹೇಳಿದಳು.

ಮರುದಿನ ಬೆಳಿಗ್ಗೆ ನನಗೆ ಹೊಸ ಸೀರೆ ಸುತ್ತಿದರು. ಸೀರೆಗಿಂತ ನಾನೇ ಚಿಕ್ಕವಳು; ನಿರಿಗೆಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದೆ. ನಡುಮನೆಯಲ್ಲಿ ಮಣೆಯ ಮೇಲೆ ನನ್ನನ್ನೂ ಆ ಮನೆಯ ಹುಡುಗಿಯನ್ನೂ ಅಕ್ಕಪಕ್ಕ ಕೂರಿಸಿದರು. ಅಷ್ಟರಲ್ಲಿ ಅವಳಿಗೆ ಹದಿನಾರು ತುಂಬಿತ್ತು. ಅವಳು ತಲೆ ಎತ್ತಿ ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ. ಬಾಸಿಂಗಗಳನ್ನು ಕೌದಿಗಳ ಕೆಳಗೆ ಬಚ್ಚಿಟ್ಟಿದ್ದರು. ಮದುಮಗನಾಗಬೇಕಿದ್ದ ನನ್ನ ಅಣ್ಣ, ಹೊಸ ಧೋತರದ ಮೇಲೆ ಹಳೆಯ ಟವೆಲ್ ಹೊದ್ದು ಮಾಳಿಗೆ ಹತ್ತಿ ಔರಾದ ದಾರಿ ಕಾಯುತ್ತಿದ್ದ. ಈಗ ನೆನೆದರೆ ನಗು ಬರುತ್ತದೆ. ಆಗ ನಾನೂ ದಾರಿಯ ಸದ್ದಿಗೇ ಕಿವಿಗೊಟ್ಟು ಕುಳಿತಿದ್ದೆ.

ಅಜ್ಜೋರು ವಿಭೂತಿ ಹಚ್ಚಿ, ನಮ್ಮಿಬ್ಬರ ಎಡ ಅಂಗೈಯಲ್ಲಿ ಲಿಂಗವಿಟ್ಟರು. ಮಂತ್ರವೂ ಆಯಿತು. ಆಗ ಮಾಳಿಗೆಯ ಬೆಳಕಿಂಡಿಯಿಂದ ಅಣ್ಣನ ಧ್ವನಿ ಬಂತು.

"ಅಪ್ಪಾ, ಧೂಳ ಎದ್ದದ!"

ಅಪ್ಪ ಎದ್ದವನು ಗೋಡೆ ಹಿಡಿದುಕೊಂಡ. ಅವನ ತುಟಿ ಬೆಳ್ಳಗಾಗಿತ್ತು. ಜೀಪು ಬಂತು, ಉಳಿದೆ ಎಂದುಕೊಂಡೆ. ಮರುಗಳಿಗೆಯೇ ಅವನ ಮುಖ ನೋಡಿ, ಬಾರದಿರಲಿ ಎಂದು ಬೇಡಿಕೊಂಡೆ. ಬಹಳ ಹೊತ್ತಿನ ಮೇಲೆ ಅಣ್ಣ ಮತ್ತೆ ಕೂಗಿದ. "ಕುರಿ ಹಿಂಡಪ್ಪಾ, ಕುರಿ!" ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆ. ಅಪ್ಪ ಉಳಿದುಕೊಂಡ. ಇನ್ನು ನನ್ನನ್ನು ಉಳಿಸಲು ಯಾರೂ ಬರುವುದಿಲ್ಲ ಎಂದು ಆಗ ಖಚಿತವಾಯಿತು.

ಧೂಳಿಗೆ ಇಷ್ಟೇಕೆ ಗಾಬರಿ ಎಂದು ಅಜ್ಜೋರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಏನು ಬಿಡತಿ, ಮಗಳ?"

"ಸುಳ್ಳ ಬಿಡ್ತೇನ್ರಿ." ಬಾಯಿಪಾಠದ ಮಾತು ತಾನಾಗಿಯೇ ಹೊರಬಂತು.

"ಏನು ಹಿಡೀತಿ?"

ಪೂಜೆ ಎನ್ನಬೇಕಿತ್ತು. ಆದರೆ ಸುಳ್ಳು ಬಿಡುತ್ತೇನೆ ಎಂದು ಆಗಷ್ಟೇ ಹೇಳಿದ್ದೆನಲ್ಲ, ಲಿಂಗ ಅಂಗೈಯಲ್ಲಿ ತಣ್ಣಗೆ ಕುಳಿತಿತ್ತು, ಕೌದಿಯ ಅಡಿಯಿಂದ ಬಾಸಿಂಗದ ತುದಿ ಇಣುಕುತ್ತಿತ್ತು. ನನಗೆ ಅಳು ಬಂದುಬಿಟ್ಟಿತು.

"ಇದು ಬರೇ ದೀಕ್ಷಾ ಅಲ್ರಿ ಅಜ್ಜೋರ. ನೀವು ಹೋದ ಮ್ಯಾಲ ಲಗ್ನ ಅದರಿ. ನನಗ ಲಗ್ನ ಬ್ಯಾಡ್ರಿ. ನಾ ಸಾಲಿ ಹಿಡೀತೇನ್ರಿ. ಅಪ್ಪಗ ಜೇಲಿಗಿ ಒಯ್ಯಬ್ಯಾಡ್ರಿ."

"ಖರೇ ಏನ್ರಿ ಸಾಹುಕಾರ?" ಎಂದು ಅಜ್ಜೋರು ಅಪ್ಪನನ್ನು ಕೇಳಿದರು. ಅಪ್ಪ ಕೈಮುಗಿದ. ಗಂಡಿನ ತಾಯಿಯೇ ಮುಂದೆ ಬಂದಳು.

"ಜೀವ ಹೋಗೂ ಹೊತ್ತಿನ್ಯಾಗ ಇಟ್ಕೊಂಡೇವ್ರಿ ಇವರಿಗಿ. ಮಾತ ಕೊಟ್ಟಾರ. ಇಕಿ ಬರದಿದ್ರ ನಮ್ಮ ಹುಡುಗೀನೂ ಕೊಡಂಗಿಲ್ಲ."

"ನಿಮ್ಮ ಹುಡುಗಿ ಅಂಗೈಯಾಗೂ ಲಿಂಗ ಅದವ್ವಾ. ಅಕಿಗೂ ಕೇಳಬೇಕಲ್ಲ," ಎಂದು ಅಜ್ಜೋರು ನನ್ನ ಪಕ್ಕದವಳ ಕಡೆ ನೋಡಿದರು. "ಏನು ಬಿಡತಿ, ಏನು ಹಿಡೀತಿ?"

ಅವಳು ತಾಯಿಯ ಮಾತನ್ನೇ ಹೇಳಿದರೆ ಎಲ್ಲ ಮುಗಿದಂತೆ. ಅವಳು ಮೊದಲು ಬೆಳಕಿಂಡಿಯ ಕಡೆ ನೋಡಿದಳು. ಅಲ್ಲಿ ಅಣ್ಣನ ತಲೆ ಇಣುಕುತ್ತಿತ್ತು. ನಾವು ಈ ಮನೆಯಲ್ಲಿ ಬಚ್ಚಿಟ್ಟುಕೊಂಡಿದ್ದ ದಿನಗಳಲ್ಲಿ ಅವನು ಅವಳ ಜೊತೆ ಬಾವಿಯ ನೀರು ಸೇದುತ್ತಿದ್ದುದನ್ನು ನಾನು ಕಂಡಿದ್ದೆ. ಅದರ ಅರ್ಥ ಹೊಳೆದದ್ದು ಈಗ.

"ನಾ ಭಿಡೆ ಬಿಡ್ತೇನ್ರಿ ಅಜ್ಜೋರ," ಎಂದಳು. ತಲೆ ಎತ್ತಿಯೇ ಹೇಳಿದಳು. "ಇವರ ಮನಿ ಹಿಡೀತೇನಿ. ಸಣ್ಣಾಕಿ ನಮ್ಮ ಮನಿಗಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ."

ಅವಳ ತಾಯಿ ಹಣೆ ಬಡಿದುಕೊಂಡಳು. ಲಿಂಗದ ಮೇಲಿನ ಮಾತು, ಯಾರೂ ತಳ್ಳಿಹಾಕುವಂತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅವಳ ಅಣ್ಣ, ನನ್ನನ್ನು ಮದುವೆಯಾಗಬೇಕಿದ್ದವನು, ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ತಂಗಿಯನ್ನೇ ನೋಡಿದ. "ನಮ್ಮ ಮನಿ ಮಾನ ನೀ ಕಳದಿ. ಇವತ್ತಿಗಿ ನಾ ನಿನಗ ಅಣ್ಣ ಅಲ್ಲ," ಎಂದು ಹೇಳಿ ಹೊಲದ ದಾರಿ ಹಿಡಿದ. ಅಂದು ಅಕ್ಕಿಕಾಳು ಬಿದ್ದದ್ದು ಒಂದೇ ಜೋಡಿಯ ಮೇಲೆ. ಅದನ್ನೂ ಅಜ್ಜೋರೇ ನಿಂತು ಮಾಡಿಸಿದರು.

ಹೀಗೆ ಅವಳು ಅಣ್ಣನ ಹೆಂಡತಿಯಾಗಿ ನನಗೆ ವೈನಿಯಾದಳು. ಅಪ್ಪ ಒಂದು ವರ್ಷ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ, ಆದರೆ ಸಾಲೆ ಬಿಡಿಸಲಿಲ್ಲ. ಸರ್ಕಾರದ ಜೀಪು ನಮ್ಮ ದಾರಿಗೆ ಬರಲೇ ಇಲ್ಲ. ಅದರ ಹೆದರಿಕೆಗೆ ಮದುವೆಯನ್ನು ದೀಕ್ಷೆ ಎಂದು ಕರೆಯದಿದ್ದರೆ ನನ್ನನ್ನು ಒಂದು ಮಾತು ಕೇಳುವವರು ಯಾರೂ ಇರುತ್ತಿರಲಿಲ್ಲ. ಮದುವೆಯಲ್ಲಿ ಹುಡುಗಿಯನ್ನು ಕೇಳುವ ಶಾಸ್ತ್ರ ನಮ್ಮಲ್ಲಿಲ್ಲ.

ನಮ್ಮ ಕಡೆ ನಾಗರಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುತ್ತಾರೆ. ವೈನಿ ಪ್ರತಿ ಪಂಚಮಿಗೂ ಬೆಳಿಗ್ಗೆಯೇ ಎರೆದುಕೊಂಡು, ಹೆರಳು ಹಾಕಿಕೊಂಡು, ಸೀರೆಯ ಗಂಟು ಪಕ್ಕದಲ್ಲಿಟ್ಟುಕೊಂಡು ಹೊಸ್ತಿಲ ಹತ್ತಿರ ಕೂರುತ್ತಿದ್ದಳು. ಎಕಂಬಾದಿಂದ ಯಾರೂ ಬರುತ್ತಿರಲಿಲ್ಲ. ಸಂಜೆ ಗಂಟು ಬಿಚ್ಚಿ ಸೀರೆಗಳನ್ನು ಮತ್ತೆ ಟ್ರಂಕಿಗೆ ಹಾಕುವಳು. ಅಳುತ್ತಿರಲಿಲ್ಲ. ನನಗೆ ಮಾತ್ರ ಆ ಮನೆಯಲ್ಲಿ ಇರುವುದೇ ಬೇಡವೆನಿಸುತ್ತಿತ್ತು.

ನಾನು ಕಲಿತು ಭಾಲ್ಕಿಯಲ್ಲಿ ಮಾಸ್ತರಣಿಯಾದ ವರ್ಷ, ಪಂಚಮಿಯ ದಿನ ರೈಲಿನಲ್ಲಿ ಬೀದರಿಗೆ ಬಂದು ಬಾಗಿಲಲ್ಲಿ ನಿಂತೆ. "ಏಳ ವೈನಿ, ತವರಿಗಿ ಕರ್ಕೊಂಡ ಹೋಗ್ಲಿಕ್ಕ ಬಂದೇನಿ," ಎಂದೆ. ಅವಳು ನಕ್ಕು ಗಂಟು ಎತ್ತಿಕೊಂಡಳು. ಭಾಲ್ಕಿಯ ನನ್ನ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಶೇಂಗಾದ ಉಂಡಿ ಕಟ್ಟಿದೆವು. ಆ ವರ್ಷ ಪಾರ್ಲಿಮೆಂಟಿನಲ್ಲಿ ಮದುವೆಯ ಹೊಸ ಕಾಯಿದೆ ಪಾಸಾಗಿತ್ತು. ಉತ್ಸಾಹದಿಂದ ಪೇಪರು ತಂದು ಅವಳಿಗೆ ಓದಿ ಹೇಳಿದೆ.

"ಅದರಾಗ ಹುಡುಗಿಗಿ ಮೊದಲ ಕೇಳಬೇಕಂತ ಬರದಾರೇನು?" ಎಂದಳು.

"ವಯಸ್ಸು ಇಷ್ಟ ಆಗಿರಬೇಕಂತ ಬರದಾರ. ಜುಲ್ಮಿ ಮಾಡಿ ಹೂಂ ಅನ್ಸಿದ್ರ ಕೋರ್ಟಿಗಿ ಹೋಗಿ ಲಗ್ನ ರದ್ದ ಮಾಡಿಸಬಹುದಂತ."

"ಅದು ಲಗ್ನ ಆದ ಮ್ಯಾಲಿನ ಮಾತಾತು. ಹೋಗ್ಲಿ. ಕೇಳಿದಾಗ ಖರೇ ಹೇಳಿದ ಹುಡುಗಿಗಿ ತವರಮನಿ ಇರ್ತದಂತ ಬರದಾರೇನು?"

ನಾನು ಪೇಪರು ಮಡಚಿ ಕೆಳಗಿಟ್ಟೆ. ಹೊರಗೆ ದಾರಿಯಲ್ಲಿ ಎತ್ತಿನ ಗಾಡಿಯ ಗೆಜ್ಜೆ ಕೇಳಿಸಿತು. ವೈನಿ ಕೈಯಲ್ಲಿದ್ದ ಉಂಡಿಯನ್ನು ತಟ್ಟೆಗೆ ಹಾಕಿ, ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಿಗೆ ಹೋದಳು. ಅವಳು ಭಾಲ್ಕಿಯಲ್ಲಿದ್ದಾಳೆಂದು ಎಕಂಬಾದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಗಾಡಿ ದಾಟಿ ಹೋಗುವವರೆಗೆ ಅಲ್ಲಿಯೇ ನಿಂತಿದ್ದಳು.