ಟವೆಲ್ ಕೆಳಗಿನ ಬೆರಳು

ಹಳೇ ಕಾರು ನೋಡಲು ಹೋದರೆ ಮಂಜಪ್ಪನವರು ಮೊದಲು ಕಾರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಮಾಲೀಕರ ಹತ್ತಿರ ಊರು, ಮಕ್ಕಳು ಅಂತ ಮಾತಾಡುತ್ತಿದ್ದರು. ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು ಎನ್ನುವುದು ಅವರಪ್ಪ ಹೇಳಿಕೊಟ್ಟದ್ದು. ಅಪ್ಪ ದನದ ಸಂತೆಯಲ್ಲಿ ದಲ್ಲಾಳಿಯಾಗಿದ್ದವರು. ಮಗ ಭದ್ರಾವತಿಯ ಜನ್ನಾಪುರದಲ್ಲಿ ಮೂವತ್ತು ವರ್ಷ ಟಿಂಕರಿಂಗ್ ಮಾಡಿದರು. ಗುದ್ದಿಸಿಕೊಂಡು ಬಂದ ಕಾರುಗಳ ತಗಡನ್ನು ಬಡಿದು ನೆಟ್ಟಗೆ ಮಾಡುವ ಕೆಲಸ. ಆಮೇಲೆ ಹಳೇ ಕಾರಿಗೆ ಬೆಲೆ ಹೇಳುವವರಾದರು.

ನಾನು ಪಕ್ಕದ ಮನೆಯವಳು. ಇದರಲ್ಲಿ ಅರ್ಧ ಅವರ ಹೆಂಡತಿ ಮಾಸ್ತಮ್ಮ ಶನಿವಾರದ ಭಜನೆ ಮುಗಿದ ಮೇಲೆ ದೇವಸ್ಥಾನದ ಕಟ್ಟೆಯಲ್ಲಿ ಹೇಳಿದ್ದು. ಉಳಿದದ್ದು ಮಂಜಪ್ಪನವರೇ ಹೇಳಿದ್ದು.

ಅಂಬಾಸಿಡರ್, ಪದ್ಮಿನಿ ಕೇಳಿಕೊಂಡು ಬರುವವರಿದ್ದರೂ ಹೆಚ್ಚಿನವರಿಗೆ ಹುಚ್ಚು ಕಾಂಟೆಸ್ಸಾದ ಮೇಲೆ. ಉದ್ದ ಮೂತಿ, ಅಗಲ ಮೈ, ನಿಂತಲ್ಲೇ ಗುಟುರು ಹಾಕುವ ಹೋರಿಯ ಹಾಗೆ. ಕಣ್ಣು ಕೊಡುವ ಬೆಲೆ ಬೇರೆ, ತಗಡು ಕೊಡುವ ಬೆಲೆ ಬೇರೆ ಎನ್ನುತ್ತಿದ್ದರು ಮಂಜಪ್ಪನವರು. ಬಾನೆಟ್ಟು, ಮೇಲಿನ ಟಾಪು ಇವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳುವರು. ಬಾಗಿಲ ಕೆಳಗಿನ ಅಂಚಿಗೆ ಹೆಬ್ಬೆರಳು ಆಡಿಸುವರು. ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಅಲ್ಲಿ ಸಣ್ಣ ಅಲೆಯೊಂದು ಸಿಗುತ್ತದಂತೆ. ಪುಟ್ಟಿಗೆ ಅಂಟುವುದಿಲ್ಲ ಅಂತ ಅಯಸ್ಕಾಂತ ಹಿಡಿದು ಬರುವವರನ್ನು ಕಂಡರೆ ಅವರಿಗೆ ನಗು.

ಬೆಲೆಯನ್ನು ಮಾತ್ರ ಬಾಯಲ್ಲಿ ಹೇಳುತ್ತಿರಲಿಲ್ಲ. ಸಂತೆಯ ಪದ್ಧತಿಯಂತೆ ಹೆಗಲ ಟವೆಲನ್ನು ತಮ್ಮ, ಎದುರಿನವರ ಬಲಗೈ ಮೇಲೆ ಹೊದಿಸಿ, ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಲಕ್ಷ. ಒಪ್ಪಿಗೆಯಾದರೆ ಕೈ ಒತ್ತುವುದು. ಒತ್ತಿದ ಮೇಲೆ ಮಾತು ಹಿಂದೆ ತೆಗೆಯುವಂತಿಲ್ಲ.

ಹೋದ ವರ್ಷ ಮಾಸ್ತಮ್ಮ ಕೊಟ್ಟ ಕಾಫಿ ಲೋಟವನ್ನು ಅವರು ಹಾಗೇ ಹಿಡಿದುಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಅಂಗೈಯಲ್ಲಿ ಬೊಬ್ಬೆ. ಸಕ್ಕರೆ ಕಾಯಿಲೆ, ನರಕ್ಕೆ ಇಳಿದಿದೆ ಎಂದರು ಡಾಕ್ಟರು. ಯಾರಿಗೂ ಹೇಳಬೇಡ ಎಂದರು ಇವರು. ಜನ ಕರೆಯುತ್ತಿದ್ದುದೇ ಆ ಬೆರಳುಗಳನ್ನು. ಅವಿಲ್ಲದಿದ್ದರೆ ಮಂಜಪ್ಪ ಬೀದಿಯ ಇನ್ನೊಬ್ಬ ಮುದುಕ.

ಈ ಮಾಘದಲ್ಲಿ ಶಿವಮೊಗ್ಗದ ಹೊಸಮನೆಯಿಂದ ಜಗದಾಂಬಾ ಟೀಚರ್ ಫೋನು ಮಾಡಿದರು. ಮಂಜಪ್ಪನವರ ಮಗಳು ಕವನಳಿಗೆ ಪಾಠ ಹೇಳಿದವರು. ಗಂಡ ತೀರಿಕೊಂಡು ಒಂಬತ್ತು ವರ್ಷ, ಅವರ ಕಾಂಟೆಸ್ಸಾ ಟಾರ್ಪಾಲಿನ ಕೆಳಗೇ ಇತ್ತು, ಈಗ ಮಾರಬೇಕಿತ್ತು. ಮೆಕ್ಯಾನಿಕ್ ಬಂದು ಸ್ಟಾರ್ಟ್ ಮಾಡಿಕೊಟ್ಟಿದ್ದ. ಮಂಜಪ್ಪನವರು ಹೋಗಿ ಬಾನೆಟ್ಟು ತಟ್ಟಿದರು, ಬಾಗಿಲ ಅಂಚು ಸವರಿದರು. ಹೆಬ್ಬೆರಳಿಗೆ ಏನೂ ಸಿಗಲಿಲ್ಲ. ಸಿಗಲಿಲ್ಲ ಅಂದರೆ ಇಲ್ಲ ಅಂತಲೇ ಇಟ್ಟುಕೊಂಡರು. ನಾಲ್ಕು ಲಕ್ಷಕ್ಕೆ ಕಮ್ಮಿ ಕೊಡಬೇಡಿ ಎಂದರು ಟೀಚರಿಗೆ.

ಕೊಳ್ಳಲು ಬಂದವರು ಆಯನೂರಿನ ಗಣಪಯ್ಯ. ಶೆಡ್ಡಿನಲ್ಲಿ ಆಗಲೇ ಮೂರು ಹಳೇ ಕಾರು ಸಾಕಿದವರು. ಬಂದವರೇ, "ಮಂಜಪ್ಪ, ಆ ಬೆರಳಿಗೆ ಇನ್ಶೂರೆನ್ಸ್ ಮಾಡಿಸಿದ್ಯೋ ಇಲ್ವೋ ಮಾರಾಯ?" ಎಂದು ನಕ್ಕರು. ಅವರೂ ಸಂತೆ ಕಂಡವರು, ಟವೆಲ್ ಬೇಕೆಂದರು. ಒಳಗೆ ನಾಲ್ಕಾರು ಸಲ ಕೈ ಆಡಿತು. ಕೊನೆಗೆ ಗಣಪಯ್ಯ ಹಿಡಿದದ್ದು ನಾಲ್ಕು ಬೆರಳು ಅನ್ನಿಸಿ ಮಂಜಪ್ಪನವರು ಒತ್ತಿದರು.

"ಮೂರಕ್ಕೆ ಆಯ್ತು ಟೀಚರಮ್ಮ" ಎಂದರು ಗಣಪಯ್ಯ, ಟವೆಲ್ ತೆಗೆಯುತ್ತಾ.

ಟೀಚರು ಮಂಜಪ್ಪನವರ ಮುಖ ನೋಡಿದರು. ಹಿಡಿದದ್ದು ನಾಲ್ಕು, ಗಣಪಯ್ಯ ಸುಳ್ಳು ಹೇಳುತ್ತಿದ್ದಾರೆ ಅಂದಿದ್ದರೆ ನಡೆಯುತ್ತಿತ್ತು. ಮಂಜಪ್ಪನ ಬೆರಳಿನ ಮೇಲೆ ಯಾರೂ ಅನುಮಾನ ಪಡುತ್ತಿರಲಿಲ್ಲ. ಹಾಗನ್ನಬೇಕು ಅಂತ ಬಂದೂ ಇತ್ತಂತೆ, ಬಾಯವರೆಗೆ.

"ತಪ್ಪು ನಂದು. ನನ್ನ ಬೆರಳಲ್ಲಿ ಜೀವ ಇಲ್ಲ. ವರ್ಷ ಆಯ್ತು" ಎಂದರು.

ಗಣಪಯ್ಯ ಅವರ ಕೈ ಎತ್ತಿ ತೋರುಬೆರಳನ್ನು ಉಗುರಿನಿಂದ ಚುಚ್ಚಿದರು. ಮಂಜಪ್ಪನವರು ಬೇರೆಯವರ ಕೈ ನೋಡಿದ ಹಾಗೆ ನೋಡುತ್ತಿದ್ದರು. "ಒಂದು ಕೈ ಇಲ್ಲದ ಮೇಲೆ ಅದು ವ್ಯಾಪಾರ ಹೆಂಗಾಗುತ್ತೆ ಮಾರಾಯ? ಬಿಡು. ಬಾಯಲ್ಲೇ ಹೇಳು, ಎಷ್ಟು ಬಾಳುತ್ತೆ ಇದು?"

ಮಂಜಪ್ಪನವರು ಕಾರಿನ ಬಾಗಿಲ ಕಡೆ ತಿರುಗಿದರು. ಬೆರಳು ಲೆಕ್ಕ ತಪ್ಪಿದ್ದರೆ ಬಾಗಿಲನ್ನೂ ತಪ್ಪಿರಬೇಕಲ್ಲ. ಟೀಚರನ್ನು ಕರೆದು, ಬಾಗಿಲ ಕೆಳಗೆ ನಿಧಾನ ಹೆಬ್ಬೆರಳು ಆಡಿಸಲು ಹೇಳಿದರು. ಒಂಬತ್ತು ವರ್ಷದಲ್ಲಿ ಅವರು ಆ ಕಾರನ್ನು ಮುಟ್ಟಿರಲಿಲ್ಲವಂತೆ. ಸೆರಗು ಸಿಕ್ಕಿಸಿಕೊಂಡು ಕೂತು, ಸವರುತ್ತಾ ಹೋಗಿ, ಎಡಗಡೆ ಮುಂದಿನ ಬಾಗಿಲಲ್ಲಿ ಕೈ ನಿಲ್ಲಿಸಿದರು.

"ಇಲ್ಲಿ ಒಂಥರಾ ಇದೆ. ರಾಗಿ ರೊಟ್ಟಿ ತಟ್ಟಿದ ಹಾಗೆ."

ಮಂಜಪ್ಪನವರು ಅಲ್ಲಿ ತಟ್ಟಿದರು. ಮಂಕಾದ ಸದ್ದು, ಒಂದು ಗೇಣು ಉದ್ದಕ್ಕೂ. ಕಿವಿ ಇನ್ನೂ ಇತ್ತು.

"ನಮ್ಮನೆಯವರು ಗೇಟಿಗೆ ತಾಗಿಸಿರಬೇಕು. ನನಗೆ ಹೇಳಲೇ ಇಲ್ಲ" ಎಂದರು ಟೀಚರು. ದನಿಯಲ್ಲಿ ಏರಿಳಿತ ಇರಲಿಲ್ಲ.

ಮಂಜಪ್ಪನವರು ಮೂರೂವರೆ ಎಂದರು, ಕೊಡುವವರ ತೆಗೆದುಕೊಳ್ಳುವವರ ಇಬ್ಬರ ಮುಂದೆಯೂ, ಬಾಯಿಬಿಟ್ಟು. ಗಣಪಯ್ಯ ಒಪ್ಪಿದರು. ಕಾರು ಗೇಟು ದಾಟುವವರೆಗೆ ಟೀಚರು ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಟಾರ್ಪಾಲು ಮಡಚಲು ಒಂದು ತುದಿಯನ್ನು ಮಂಜಪ್ಪನವರ ಕೈಗೆ ಕೊಟ್ಟರು. ಅವರು ಅದನ್ನು ಎರಡು ಸಲ ಬೀಳಿಸಿದರು.

ಭದ್ರಾವತಿಯ ಬಸ್ಸಿನಲ್ಲಿ ಏನನ್ನಿಸಿತು ಅಂತ ನಾನು ಕೇಳಿದ್ದೆ. ಏನೂ ಅನ್ನಿಸಲಿಲ್ಲ, ಕಿಟಕಿ ಪಕ್ಕ ಸೀಟು ಸಿಕ್ಕಿತ್ತು ಎಂದರು.

ಸುದ್ದಿ ಹರಡಿ ಎರಡು ತಿಂಗಳು ಯಾರೂ ಬರಲಿಲ್ಲ. ಈಗ ಒಬ್ಬೊಬ್ಬರು ಬರುತ್ತಾರೆ. ಮಾಸ್ತಮ್ಮ ಜೊತೆಗೆ ಹೋಗುತ್ತಾರೆ. ಅವರು ಬಾಗಿಲ ಅಂಚು ಸವರಿ "ಇಲ್ಲಿ" ಅಂದರೆ ಇವರು ತಟ್ಟಿ ಕೇಳುತ್ತಾರೆ. ಹೊಸಬರು ಗಂಡಹೆಂಡಿರ ಈ ಕೆಲಸ ನೋಡಿ ಮೊಬೈಲಿನಲ್ಲಿ ಫೋಟೋ ತೆಗೆಯುತ್ತಾರಂತೆ. ಅಕ್ಕಿ ಆರಿಸಿದ ಕೈ, ಇವರಿಗಿಂತ ಚುರುಕು ಎಂದು ಮಾಸ್ತಮ್ಮ ಹೇಳಿದರೆ ಅವರು ಇಲ್ಲ ಎನ್ನುವುದಿಲ್ಲ.

ಸಂಜೆ ನಾನು ದೀಪ ಹಚ್ಚುವ ಹೊತ್ತಿಗೆ ಅವರ ಜಗುಲಿಗೆ ಕಾಫಿ ಬರುತ್ತದೆ. ಮಾಸ್ತಮ್ಮ ಮೊದಲು ಲೋಟವನ್ನು ತಾವೇ ಮುಟ್ಟಿ, ಆರಿದೆ ಎಂದ ಮೇಲೆ ಅವರ ಕೈಗೆ ಕೊಡುತ್ತಾರೆ.